ಕೆಂಪು ಮರಳಿನ ದಾರಿಯಲ್ಲಿ ಇಪ್ಪತ್ತೆರಡು ಮಂದಿ

ಮಕ್ಕಳೇ,

ನಮ್ಮ ಸಂಘದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ನಿಮ್ಮಲ್ಲಿ ಮೂರು-ನಾಲ್ಕು ಮಂದಿ ನನ್ನನ್ನು ಸುತ್ತುವರಿದು, "ಆಂಟೀ, ಎಲ್ಲರೂ ಸಿಂಗಾಪುರಕ್ಕೆ, ದುಬೈಗೆ ಹೋಗ್ತಾರೆ. ನೀವ್ಯಾಕೆ ಉಜ್ಬೇಕಿಸ್ತಾನಕ್ಕೆ ಹೋದ್ರಿ? ಅದೂ ಅಂಕಲ್‌ನ ಬಿಟ್ಟು ಒಬ್ರೇ?" ಎಂದು ಕೇಳಿದಿರಿ. ಕೈಯಲ್ಲಿ ತಟ್ಟೆ, ಬೆನ್ನ ಹಿಂದೆ ನೂಕುನುಗ್ಗಲು. "ಚೆನ್ನಾಗಿತ್ತಮ್ಮ" ಎಂದಷ್ಟೇ ಹೇಳಿ ಮುಂದೆ ಸರಿದುಬಿಟ್ಟೆ. ಆ ಉತ್ತರ ನಿಮಗೆ ಸಾಕಾಗಿರಬಹುದು, ನನಗೆ ಸಾಕಾಗಲಿಲ್ಲ. ಅದಕ್ಕೇ ಈಗ ಸಾವಕಾಶವಾಗಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕೆಲವರು ಇದನ್ನು ತಡವರಿಸುತ್ತ ಓದುತ್ತಿರಬಹುದು, ಕೆಲವರಿಗೆ ಅಮ್ಮನೋ ಅಜ್ಜಿಯೋ ಓದಿ ಹೇಳುತ್ತಿರಬಹುದು. ಎರಡೂ ಸಂತೋಷವೇ.

ಮೊದಲು ನಿಮ್ಮ ಪ್ರಶ್ನೆಗೆ ಉತ್ತರ. ನನ್ನ ಯಜಮಾನರಿಗೆ ಮೊಣಕಾಲು ನೋವು, ಜೊತೆಗೆ ಮನೆಯ ಊಟ ತಪ್ಪಿದರೆ ಮುನಿಸು. "ನೀ ಹೋಗಿ ಬಾ, ನಾ ಮನಿ ನೋಡ್ಕೋತೀನಿ" ಎಂದರು. ಮಗ ದುಡ್ಡು ಕಟ್ಟಿದ. ಧಾರವಾಡದಲ್ಲಿ ಬಿ.ಎ. ಓದುವಾಗ ಇಂಗ್ಲಿಷ್ ತರಗತಿಯಲ್ಲಿ ಸಮರ್‌ಕಂದ್ ಎಂಬ ಹೆಸರು ಕೇಳಿದ್ದೆ. ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಮೂವತ್ತು ವರ್ಷ ನಾನು ಕಂಡ ದೂರದ ಊರೆಂದರೆ ಕಾಶಿ. ಆದರೂ ಆ ಹೆಸರು ಮನಸ್ಸಿನ ಮೂಲೆಯಲ್ಲಿ ಕುಳಿತೇ ಇತ್ತು. ಹೀಗೆ ಕಳೆದ ವರ್ಷ ಸೆಪ್ಟೆಂಬರಿನಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ಒಬ್ಬಳೇ ಹೊರಟೆ.

ಒಬ್ಬಳೇ ಎಂದೆನಲ್ಲ, ಅದು ಸುಳ್ಳು. ತಂಡದಲ್ಲಿ ಇಪ್ಪತ್ತೆರಡು ಮಂದಿ ಇದ್ದೆವು. ಘಾಟ್ಕೋಪರದ ಜೈನ ದಂಪತಿಗಳು, ಠಾಣೆಯ ನಾಲ್ವರು ನಿವೃತ್ತ ಬ್ಯಾಂಕಿನವರು, ಮಾತುಂಗಾದ ತಮಿಳು ಅಕ್ಕತಂಗಿಯರು, ಹೈದರಾಬಾದಿನ ಒಬ್ಬ ನಿವೃತ್ತ ರೈಲ್ವೆ ಅಧಿಕಾರಿ ಮತ್ತು ಅವರ ಬೇಗಂ, ಲುಧಿಯಾನದ ಒಂದು ಸಿಖ್ ಕುಟುಂಬ, ಪುಣೆಯ ಕಂಪ್ಯೂಟರ್ ಹುಡುಗರು, ವಸಾಯಿಯ ಒಬ್ಬ ಕ್ರಿಶ್ಚಿಯನ್ ಟೀಚರು ಹೀಗೆ. ಟೀಚರು ನನ್ನ ಕೋಣೆಯ ಜೊತೆಗಾತಿ. ಕನ್ನಡದವಳು ನಾನೊಬ್ಬಳೇ.

ಸೀಟಿನ ಜಗಳ, ಸಬ್ಜಿಯ ನಗೆ

ತಾಷ್ಕೆಂಟಿನಲ್ಲಿ ಮೊದಲ ದಿನ ನಮ್ಮನ್ನೆಲ್ಲ ಒಂದುಗೂಡಿಸಿದವರು ಲಾಲ್ ಬಹಾದ್ದೂರ್ ಶಾಸ್ತ್ರಿಯವರು. 1966ರ ಜನವರಿ 10ರಂದು ಪಾಕಿಸ್ತಾನದೊಡನೆ ಒಪ್ಪಂದಕ್ಕೆ ಸಹಿ ಹಾಕಿ, ಕೆಲವೇ ಗಂಟೆಗಳಲ್ಲಿ, 11ರ ನಸುಕಿನಲ್ಲಿ, ಅವರು ತೀರಿಕೊಂಡದ್ದು ಇದೇ ಊರಿನಲ್ಲಿ. ಅವರ ಹೆಸರಿನ ಬೀದಿ ಇದೆ, ಎದೆಮಟ್ಟದ ಪ್ರತಿಮೆಯೂ ಇದೆ. ಅದರ ಮುಂದೆ ನಿಂತಾಗ ಅಲ್ಲಿಯವರೆಗೆ ಸೂಟ್‌ಕೇಸಿನ ಬಗ್ಗೆಯೇ ಮಾತಾಡುತ್ತಿದ್ದ ಇಪ್ಪತ್ತೆರಡು ಬಾಯಿಗಳೂ ಮುಚ್ಚಿದವು. ಸರ್ದಾರ್ಜಿ ಚಪ್ಪಲಿ ಬಿಟ್ಟು ಕೈಮುಗಿದರು. ಅವರು ತೀರಿಕೊಂಡ ವರ್ಷವೇ ಏಪ್ರಿಲ್ 26ರಂದು ಭೂಕಂಪವಾಗಿ ತಾಷ್ಕೆಂಟಿನ ಹಳೆಯ ಭಾಗ ನೆಲಕ್ಕೊರಗಿತಂತೆ. ಇಂದು ಕಾಣುವ ಅಗಲವಾದ ರಸ್ತೆಗಳು, ಮರಗಳ ಸಾಲುಗಳು ಹೆಚ್ಚಿನವು ಆಮೇಲೆ ಕಟ್ಟಿದವು.

ಆದರೆ ಆ ಒಗ್ಗಟ್ಟು ಮರುದಿನಕ್ಕೆ ಉಳಿಯಲಿಲ್ಲ. ತಾಷ್ಕೆಂಟಿನಿಂದ ಸಮರ್‌ಕಂದಿಗೆ 344 ಕಿಲೋಮೀಟರ್. 2011ರಲ್ಲಿ ಆರಂಭವಾದ 'ಅಫ್ರೋಸಿಯೋಬ್' ಎಂಬ ವೇಗದ ರೈಲು ಎರಡು ಗಂಟೆ ಚಿಲ್ಲರೆಯಲ್ಲಿ ಮುಟ್ಟಿಸಿತು. ರೈಲಿನಲ್ಲಿ ಎಲ್ಲರ ಸೀಟಿಗೂ ನಂಬರು ಇತ್ತು, ಹಾಗಾಗಿ ಶಾಂತಿಯೂ ಇತ್ತು. ಸಮರ್‌ಕಂದಿನಲ್ಲಿ ಬಸ್ಸು ಬಂದು ನಿಂತದ್ದೇ ತಡ, ಶಾಂತಿ ಮುಗಿಯಿತು. ಮುಂದಿನ ಸೀಟು ಯಾರಿಗೆ? ಒಬ್ಬರಿಗೆ ಬೆನ್ನುನೋವು, ಒಬ್ಬರಿಗೆ ವಾಂತಿ, ಒಬ್ಬರಿಗೆ ಫೋಟೋ ತೆಗೆಯಬೇಕು. ಮೊದಲ ದಿನ ಹಾಸಿದ ಟವೆಲ್ಲು ಕೊನೆಯ ದಿನದವರೆಗೂ ತಮ್ಮದೇ ಎಂಬ ಲೆಕ್ಕ. ಕೊನೆಗೆ ಹೈದರಾಬಾದಿನ ರೈಲ್ವೆ ಸಾಹೇಬರು ಒಂದು ಚೀಟಿಯಲ್ಲಿ ಸೀಟುಗಳ ನಕ್ಷೆ ಬರೆದು, "ದಿನಕ್ಕೆ ಎಲ್ಲರೂ ಎರಡು ಸಾಲು ಹಿಂದೆ, ಕೊನೆಯವರು ಮುಂದೆ" ಎಂದು ಕಾನೂನು ಮಾಡಿದರು. ಇಷ್ಟು ಸರಳವಾದ ಮಾತಿಗೆ ಎರಡು ಗಂಟೆ ಜಗಳವಾಡಿದ್ದೆವಲ್ಲ ಎಂದು ಆಮೇಲೆ ನಾವೇ ನಕ್ಕೆವು.

ಇನ್ನೊಂದು ನಗೆಯ ಪ್ರಸಂಗ ಕೇಳಿ. ಅಲ್ಲಿ ಊಟವೆಂದರೆ ಮಾಂಸ. ಅವರ ಹೆಮ್ಮೆಯ 'ಪ್ಲೋವ್' ಎಂಬ ಅನ್ನದಲ್ಲೂ ಕುರಿಮಾಂಸ. ಘಾಟ್ಕೋಪರದ ಶೇಠ್‌ಜಿ ಹೋಟೆಲಿನ ಹುಡುಗನಿಗೆ ಗಟ್ಟಿಯಾಗಿ, "ಸಬ್ಜಿ! ಓನ್ಲಿ ಸಬ್ಜಿ!" ಎಂದರು. ಹುಡುಗನಿಗೆ ಮುಖವರಳಿತು. ಓಡಿಹೋಗಿ ಒಂದು ತಟ್ಟೆ ತುಂಬ ಗಜ್ಜರಿ ತಂದಿಟ್ಟ. ಉಜ್ಬೇಕ್ ಭಾಷೆಯಲ್ಲಿ 'ಸಬ್ಜಿ' ಎಂದರೆ ಗಜ್ಜರಿ, ಅಂದರೆ ಕ್ಯಾರೆಟ್! ತರಕಾರಿಗೆ ಅವರು 'ಸಬ್ಜಾವೋತ್' ಎನ್ನುತ್ತಾರೆ. ನೆಲದೊಳಗಿನ ಗೆಡ್ಡೆ ತಿನ್ನದ ಜೈನರ ಮುಂದೆ ಗಜ್ಜರಿಯ ರಾಶಿ! ನಮ್ಮ ಗೈಡ್ ಹುಡುಗಿ ನಡುವೆ ಬಂದು ವಿವರಿಸಿದಾಗ ಶೇಠ್‌ಜಿಯೂ ನಕ್ಕುಬಿಟ್ಟರು. ಅಂದಿನಿಂದ ನಮ್ಮ ಸಸ್ಯಾಹಾರಿಗಳ ಪ್ರಾಣ ಉಳಿಸಿದ್ದು ಅಲ್ಲಿನ ಗುಂಡನೆಯ 'ನೋನ್' ರೊಟ್ಟಿ, ಕರಬೂಜ ಹಣ್ಣು ಮತ್ತು ಕುಂಬಳಕಾಯಿ ತುಂಬಿದ ಸಮೋಸ.

ಮಾತಿನಿಂದ ಮಾತಿಗೆ ಇನ್ನೊಂದು ಹೊಳೆಯಿತು. ಅವರ 'ಬೋಜೋರ್' ನಮ್ಮ ಬಜಾರು. ಅವರ 'ಹವೋ' ನಮ್ಮ ಹವಾ. 'ಜವೋಬ್' ನಮ್ಮ ಜವಾಬು. ಬಸ್ಸಿನ ಡ್ರೈವರ್ ಹೊರಡುವ ಮುನ್ನ "ತಯ್ಯೋರ್?" ಎನ್ನುತ್ತಿದ್ದ. ನಮ್ಮ ಧಾರವಾಡದ ಕಡೆ "ತಯಾರ್ ಆದ್ರೇನು?" ಎಂದು ಕೇಳುವ ಅದೇ ತಯಾರು! ಪಾರಸಿ, ಅರಬ್ಬೀ ಮಾತುಗಳು ಅತ್ತ ಮಧ್ಯ ಏಷ್ಯಾಕ್ಕೂ ಇತ್ತ ಸುಲ್ತಾನರ ಬಿಜಾಪುರಕ್ಕೂ ನಡೆದುಹೋದ ದಾರಿಯ ಗುರುತು ಅದು. ಡೊಂಬಿವಲಿಯಿಂದ ಅಷ್ಟು ದೂರದ ಬಸ್ಸಿನಲ್ಲಿ ನನ್ನ ಊರಿನ ಮಾತೊಂದು ನನಗಾಗಿ ಕಾದು ಕುಳಿತಿತ್ತು.

ನಕ್ಷತ್ರ ಎಣಿಸಿದ ದೊರೆ

ಸಮರ್‌ಕಂದಿನ ರೆಗಿಸ್ತಾನ್ ಚೌಕದ ಮೂರು ಮದರಸಾಗಳ ಚಿತ್ರ ನೀವು ನೋಡಿರುತ್ತೀರಿ. ಅವುಗಳಲ್ಲಿ ಅತ್ಯಂತ ಹಳೆಯದನ್ನು 1417ರಿಂದ 1420ರವರೆಗೆ ಕಟ್ಟಿಸಿದವನು ತೈಮೂರನ ಮೊಮ್ಮಗ ಉಲುಗ್ ಬೇಗ್. ಅಜ್ಜ ಊರುಗಳನ್ನು ಸೂರೆ ಮಾಡಿದರೆ ಮೊಮ್ಮಗ ನಕ್ಷತ್ರಗಳನ್ನು ಎಣಿಸಿದ. ಅವನ ವೀಕ್ಷಣಾಲಯದ ಪಟ್ಟಿಯಲ್ಲಿ 1018 ನಕ್ಷತ್ರಗಳಿವೆ. 1449ರಲ್ಲಿ ಅವನ ಮಗನೇ ಅವನನ್ನು ಕೊಲ್ಲಿಸಿದ. ವೀಕ್ಷಣಾಲಯ ಮಣ್ಣಾಯಿತು. 1908ರಲ್ಲಿ ವ್ಯಾಟ್ಕಿನ್ ಎಂಬ ರಷ್ಯನ್ ಸಂಶೋಧಕ ಅಗೆದು ತೆಗೆದಾಗ ಕಲ್ಲಿನಲ್ಲಿ ಕಡೆದ ದೊಡ್ಡ ಕಮಾನಿನ ನೆಲದೊಳಗಿನ ಭಾಗವಷ್ಟೇ ಉಳಿದಿತ್ತು. ಪುಣೆಯ ಹುಡುಗರು ಅದರ ಮುಂದಿನಿಂದ ಅಲುಗಾಡಲೇ ಇಲ್ಲ. ದಿಲ್ಲಿ, ಜೈಪುರಗಳಲ್ಲಿ ಜಂತರ್ ಮಂತರ್ ಕಟ್ಟಿಸಿದ ಸವಾಯಿ ಜೈಸಿಂಗನು ಇದೇ ಉಲುಗ್ ಬೇಗನ ನಕ್ಷತ್ರಪಟ್ಟಿಯನ್ನು ಆಧಾರವಾಗಿಟ್ಟುಕೊಂಡಿದ್ದ ಎಂದು ರೈಲ್ವೆ ಸಾಹೇಬರು ಹೇಳಿದಾಗ ಲುಧಿಯಾನದ ಚಿಕ್ಕ ಹುಡುಗ, "ಹಾಗಾದರೆ ಇವನು ನಮ್ಮವನೇ" ಎಂದ. ತಂಡದಲ್ಲಿ ಹೋಗುವ ಲಾಭ ಇದು ನೋಡಿ. ಒಬ್ಬರ ಕಣ್ಣಿಗೆ ಬಿದ್ದದ್ದು ಇಪ್ಪತ್ತೆರಡು ಮಂದಿಗೆ ಕಾಣುತ್ತದೆ.

ಅಲ್ಲಿನ ಮಾರುಕಟ್ಟೆಯಲ್ಲಿ ಕೊರಿಯಾದ ಮುಖದ ಹೆಂಗಸೊಬ್ಬಳು ಗಜ್ಜರಿಯನ್ನು ಸಣ್ಣಗೆ ಹೆರೆದು, ಖಾರ ಕಲಸಿ ಮಾರುತ್ತಿದ್ದಳು. ನೋಡಲು ಥೇಟ್ ನಮ್ಮ ಕೋಸಂಬರಿ. ವಿಚಾರಿಸಿದರೆ ದೊಡ್ಡ ಕಥೆಯೇ ಇತ್ತು. 1937ರಲ್ಲಿ ಸ್ಟಾಲಿನ್ ಸರ್ಕಾರವು ರಷ್ಯದ ಪೂರ್ವತುದಿಯಲ್ಲಿದ್ದ ಸುಮಾರು 1,70,000 ಕೊರಿಯನ್ನರನ್ನು ರೈಲುಗಳಲ್ಲಿ ತುಂಬಿ ಕಜಾಕಸ್ತಾನ, ಉಜ್ಬೇಕಿಸ್ತಾನಗಳ ಬಯಲಿನಲ್ಲಿ ತಂದು ಇಳಿಸಿತು. ತಮ್ಮ ಊರಿನ ಕೋಸು ಸಿಗದೆ ಅವರು ಸಿಕ್ಕಿದ ಗಜ್ಜರಿಯಲ್ಲೇ ತಮ್ಮ ರುಚಿಯನ್ನು ಮಾಡಿಕೊಂಡರಂತೆ. ಈಗ ಅವರ ಮೊಮ್ಮಕ್ಕಳಲ್ಲಿ ಹೆಚ್ಚಿನವರ ಮಾತು ರಷ್ಯನ್. ರುಚಿ ಉಳಿದಿದೆ, ಭಾಷೆ ಜಾರಿದೆ. ಅದನ್ನು ಕೇಳಿದಾಗ ಎದೆಯಲ್ಲಿ ಸಣ್ಣಗೆ ಚುಚ್ಚಿತು. ಯಾಕೆಂದು ಮುಂದೆ ಹೇಳುತ್ತೇನೆ.

ನಾನಾಡಿದ ಒಂದು ಮಾತು

ಸಮರ್‌ಕಂದಿನಿಂದ ಬುಖಾರಾ ರಸ್ತೆಯಲ್ಲಿ ಸುಮಾರು 270 ಕಿಲೋಮೀಟರ್. ಎರಡೂ ಬದಿಗೆ ಹತ್ತಿಯ ಹೊಲಗಳು. ಬುಖಾರಾದಲ್ಲಿ 1127ರಲ್ಲಿ ಕಟ್ಟಿದ ಕಲ್ಯಾನ್ ಮಿನಾರ್ ಇದೆ, ಎತ್ತರ ಸುಮಾರು 46 ಮೀಟರ್. 1220ರಲ್ಲಿ ಚೆಂಗೀಸ್ ಖಾನ್ ಊರನ್ನೆಲ್ಲ ಸುಟ್ಟರೂ ಅದು ನಿಂತೇ ಉಳಿಯಿತು. ಮುಳುಗುವ ಸೂರ್ಯನ ಬೆಳಕಿನಲ್ಲಿ ಅದರ ಇಟ್ಟಿಗೆಗಳು ಜೇನಿನ ಬಣ್ಣಕ್ಕೆ ತಿರುಗುತ್ತವೆ ಎಂದು ಎಲ್ಲರೂ ಕಾದಿದ್ದೆವು. ಆದರೆ ಜೈನ ದಂಪತಿಗಳಿಗೆ ಸೂರ್ಯ ಮುಳುಗುವ ಮೊದಲೇ ಊಟವಾಗಬೇಕು. ಅವರನ್ನು ಹೋಟೆಲಿಗೆ ಬಿಡಲು ಬಸ್ಸು ಹೊರಟಿತು. ಬಸ್ಸು ಒಂದೇ ಆದ್ದರಿಂದ ಎಲ್ಲರೂ ಹೊರಡಬೇಕಾಯಿತು. ಬೇರೆ ವ್ಯವಸ್ಥೆ ಮಾಡಬೇಕಾಗಿದ್ದವನು ಪ್ರವಾಸದ ಮೇನೇಜರ್. ಆದರೆ ಸಿಟ್ಟು ಇಳಿದದ್ದು ಆ ದಂಪತಿಗಳ ಮೇಲೆ.

ಆಗ ನಾನು, ಹೌದು ನಾನೇ, ಹಿಂದಿನ ಸೀಟಿನಲ್ಲಿ ಕುಳಿತು ಹಿಂದಿಯಲ್ಲಿ, "ಇಷ್ಟೆಲ್ಲ ಮಡಿ ಇರುವವರು ಮನೆಯಲ್ಲೇ ಇರಬೇಕು" ಎಂದುಬಿಟ್ಟೆ. ಯಾರೋ ನಕ್ಕರು. ಮುಂದಿನ ಸಾಲಿನಲ್ಲಿದ್ದ ಆ ತಾಯಿಯ ಸೆರಗು ಒಮ್ಮೆ ತಲೆಯ ಮೇಲೆ ಸರಿಯಿತು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಮಾತಿಗೆ ಮೊದಲು ನಾನು ನನ್ನ ಚೀಲವನ್ನೇ ನೋಡಿಕೊಳ್ಳಬೇಕಿತ್ತು. ಅದರ ತಳದಲ್ಲಿ ಬಟ್ಟೆಯಲ್ಲಿ ಕಟ್ಟಿದ ಇಪ್ಪತ್ತೈದು ಖಡಕ್ ಜೋಳದ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಇದ್ದವು. ತಂದವಳು ನಾನು, ಹೊರಗೆ ತೆಗೆಯಲು ನಾಚುತ್ತಿದ್ದವಳೂ ನಾನೇ. ಇತರರೆಲ್ಲ ಪ್ಯಾಕೆಟ್ಟಿನ ಬಿಸ್ಕೀಟು, ಚಿಪ್ಸು ಹಂಚುತ್ತಿದ್ದಾಗ ಈ ಒರಟು ರೊಟ್ಟಿಯನ್ನು ತೆಗೆದರೆ ಏನೆಂದಾರು ಎಂಬ ಅಳುಕು. ರಾತ್ರಿ ಟೀಚರು ಮಲಗಿದ ಮೇಲೆ ಸದ್ದಾಗದಂತೆ ಮುರಿದು ತಿನ್ನುತ್ತಿದ್ದೆ. ಖಡಕ್ ರೊಟ್ಟಿಯನ್ನು ಸದ್ದಾಗದಂತೆ ತಿನ್ನುವುದು ಎಷ್ಟು ಕಷ್ಟ ಎಂದು ತಿಂದವರಿಗಷ್ಟೇ ಗೊತ್ತು!

ಮರಳುಗಾಡಿನಲ್ಲಿ ಎರಡು ಗಂಟೆ

ಬುಖಾರಾದಿಂದ ಖೀವಾಕ್ಕೆ ಸುಮಾರು 450 ಕಿಲೋಮೀಟರ್, ಬಸ್ಸಿನಲ್ಲಿ ಏಳೆಂಟು ಗಂಟೆ. ದಾರಿಯೆಲ್ಲ ಕಿಜಿಲ್‌ಕುಮ್ ಮರಳುಗಾಡು. ಹೆಸರಿನ ಅರ್ಥವೇ 'ಕೆಂಪು ಮರಳು'. ಹಳ್ಳಿಯಿಲ್ಲ, ನೆರಳಿಲ್ಲ. ಅಲ್ಲೊಂದು ಇಲ್ಲೊಂದು ಸಾಕ್ಸಾವುಲ್ ಎಂಬ ಕುರುಚಲು ಗಿಡ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬಸ್ಸು ಒಮ್ಮೆ ಕೆಮ್ಮಿ ನಿಂತಿತು. ಇಂಜಿನ್ನಿನ ಬೆಲ್ಟು ಹರಿದಿತ್ತು. ಇನ್ನೊಂದು ತರಲು ಮನುಷ್ಯ ಹೊರಟಿದ್ದಾನೆ, ಎರಡು ಗಂಟೆ ಆಗುತ್ತದೆ ಎಂದರು.

ಮೊದಲ ಅರ್ಧ ಗಂಟೆ ಎಲ್ಲರೂ ಮೇನೇಜರನನ್ನು ಬೈದೆವು. ಆಮೇಲೆ ಬೈಯಲೂ ತ್ರಾಣವಿರಲಿಲ್ಲ. ಬಸ್ಸಿನೊಳಗೆ ಕುದಿ, ಹೊರಗೆ ಬಿಸಿಲು. ಬಸ್ಸಿನ ಪಕ್ಕದ ಮೊಳದಗಲ ನೆರಳಿನಲ್ಲಿ ಇಪ್ಪತ್ತೆರಡು ಮಂದಿ ಸಾಲಾಗಿ ಕುಳಿತೆವು. ಅಲ್ಲಿ ಮುಂದಿನ ಸೀಟೂ ಇಲ್ಲ, ಹಿಂದಿನ ಸೀಟೂ ಇಲ್ಲ. ನನಗೆ ಇದ್ದಕ್ಕಿದ್ದಂತೆ ಕಣ್ಣು ಕತ್ತಲೆಗಟ್ಟಿತು. ಕಣ್ಣು ಬಿಟ್ಟಾಗ ತಲೆ ಯಾರದೋ ತೊಡೆಯ ಮೇಲಿತ್ತು. ಘಾಟ್ಕೋಪರದ ಆ ತಾಯಿ ಸೆರಗಿನಿಂದ ಗಾಳಿ ಬೀಸುತ್ತ, ಸಕ್ಕರೆ ಉಪ್ಪು ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. "ಮೊನ್ನೆ ನಾನು..." ಎಂದು ಶುರುಮಾಡಿದೆ. ಅವರು ಮೆಲ್ಲಗೆ, "ಕೇಳಿಸಿತ್ತು ಬೆಹೆನ್. ನೀರು ಕುಡೀರಿ" ಎಂದರು. ಅಷ್ಟೇ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಎದ್ದುಹೋಗಿ ರೊಟ್ಟಿಯ ಗಂಟನ್ನು ತಂದು ಬಿಚ್ಚಿದೆ. ಗೆಡ್ಡೆ ಇಲ್ಲ, ಬೆಳ್ಳುಳ್ಳಿ ಇಲ್ಲ, ಬರೀ ಜೋಳ. ಆ ತಾಯಿಗೆ ಮೊದಲು ಕೊಟ್ಟೆ. ಬೆಳ್ಳುಳ್ಳಿ ತಿನ್ನುವವರಿಗೆ ಚಟ್ನಿಪುಡಿ. ಅವರ ಚೀಲದಿಂದ ಥೇಪ್ಲಾ ಬಂತು, ತಮಿಳು ಅಕ್ಕತಂಗಿಯರಿಂದ ಮುರುಕ್ಕು, ಠಾಣೆಯವರಿಂದ ಶಂಕರಪಾಳಿ, ಬೇಗಂ ಅವರಿಂದ ಖರ್ಜೂರ. ಮೂರು ದಿನದಿಂದ ಎಲ್ಲರೂ ನನ್ನ ಹಾಗೆಯೇ ಬಚ್ಚಿಟ್ಟುಕೊಂಡಿದ್ದರು! ಸರ್ದಾರ್ಜಿ ರೊಟ್ಟಿಯನ್ನು ಲಟ್ಟನೆ ಮುರಿದು, "ಬೆಹೆನ್‌ಜಿ, ರಾತ್ರಿ ನಮ್ಮ ಪಕ್ಕದ ಕೋಣೆಯಲ್ಲಿ ಆಗುತ್ತಿದ್ದ ಸದ್ದು ಇದೇನಾ?" ಎಂದಾಗ ಮರಳುಗಾಡೇ ನಕ್ಕಂತಾಯಿತು.

ಗೈಡ್ ಹುಡುಗಿಯ ಪ್ರಶ್ನೆ

ನಮ್ಮ ಗೈಡ್ ಬುಖಾರಾದವಳು, ಇಪ್ಪತ್ತನಾಲ್ಕರ ಹುಡುಗಿ. ರೊಟ್ಟಿಯ ಚೂರನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವರಲ್ಲಿ ರೊಟ್ಟಿಯನ್ನು ಬೋರಲು ಹಾಕುವುದಿಲ್ಲ, ಚಾಕುವಿನಿಂದ ಕತ್ತರಿಸುವುದಿಲ್ಲ, ಕೈಯಿಂದಲೇ ಮುರಿಯಬೇಕು. ಅವಳು ಒಂದು ಪದ್ಧತಿಯನ್ನು ಹೇಳಿದಳು. ಮನೆಯ ಮಗ ಸೈನ್ಯಕ್ಕೋ ದೂರದೇಶಕ್ಕೋ ಹೊರಟಾಗ ಒಂದು ನೋನ್ ರೊಟ್ಟಿಯಿಂದ ಒಂದು ತುತ್ತು ಕಚ್ಚಿ ಹೊರಡುತ್ತಾನೆ. ಉಳಿದ ರೊಟ್ಟಿಯನ್ನು ಮನೆಯವರು ಅವನು ಬರುವವರೆಗೆ ತೆಗೆದಿಡುತ್ತಾರೆ. ಬಂದು ಅದನ್ನು ಮುಗಿಸಬೇಕು. ಅದು ಕಾಯುತ್ತಿರುತ್ತದೆ.

ನಿಮ್ಮ ಮನೆಮಾತು ಯಾವುದು ಎಂದು ಅವಳನ್ನು ಕೇಳಿದೆ. ಮನೆಯಲ್ಲಿ ತಾಜಿಕ್, ಶಾಲೆಯಲ್ಲಿ ಉಜ್ಬೇಕ್, ಪೇಟೆಯಲ್ಲಿ ರಷ್ಯನ್, ನಮ್ಮೊಡನೆ ಇಂಗ್ಲಿಷ್. ಬುಖಾರಾ, ಸಮರ್‌ಕಂದಿನ ಎಷ್ಟೋ ಮನೆಗಳಲ್ಲಿ ಹೀಗೆಯೇ. ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್ ಎನ್ನುವ ನಮ್ಮ ಹಾಗೇ ಅಲ್ಲವೇ? ಆದರೆ ಅವಳು ಹೇಳಿದ ಮುಂದಿನ ಮಾತು ನಮ್ಮದಲ್ಲ. ಆ ನಾಡಿನಲ್ಲಿ 1920ರ ದಶಕದವರೆಗೆ ಬರೆಯುತ್ತಿದ್ದದ್ದು ಅರಬ್ಬೀ ಲಿಪಿಯಲ್ಲಿ. ಆಮೇಲೆ ಲ್ಯಾಟಿನ್ ಬಂತು. 1940ರಲ್ಲಿ ರಷ್ಯದ ಸಿರಿಲಿಕ್ ಬಂತು. 1991ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ, 1993ರ ಕಾನೂನಿನಂತೆ ಉಜ್ಬೇಕ್ ಭಾಷೆಗೆ ಮತ್ತೆ ಲ್ಯಾಟಿನ್. "ನನ್ನ ಮುತ್ತಜ್ಜನ ಪುಸ್ತಕಗಳು ಮನೆಯಲ್ಲಿವೆ. ಧೂಳು ಒರೆಸುತ್ತೇವೆ, ಓದಲು ಯಾರಿಗೂ ಬರುವುದಿಲ್ಲ" ಎಂದಳು. ಆಮೇಲೆ ಸಹಜವಾಗಿಯೇ ನನ್ನನ್ನು ಕೇಳಿದಳು: "ನಿಮ್ಮ ಮಗನಿಗೆ ನಿಮ್ಮ ಭಾಷೆ ಬರುತ್ತದೆಯೇ?"

ನಾನು, "ಓಹೋ, ಮಾತಾಡುತ್ತಾನೆ, ಓದುತ್ತಾನೆ" ಎಂದೆ.

ಅದು ಹಸಿ ಸುಳ್ಳು. ನನ್ನ ಮಗನಿಗೆ ನಾಲ್ಕು ವರ್ಷವಾಗಿದ್ದಾಗ ಶಾಲೆಯ ಟೀಚರೊಬ್ಬರು ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಎಂದರು. ಬಿ.ಎ. ಇಂಗ್ಲಿಷ್ ಓದಿದವಳಿಗೆ ಇದಕ್ಕಿಂತ ಹೆಮ್ಮೆಯ ಕೆಲಸ ಬೇಕೇ? ಅಂದೇ ಕನ್ನಡ ನಿಲ್ಲಿಸಿದೆ. ಅತ್ತೆಯವರು ಇರುವವರೆಗೆ ಅವರ ಜೊತೆ ಒಂದೆರಡು ಮಾತಾಡುತ್ತಿದ್ದ. ಅವರು ಹೋದ ಮೇಲೆ ಅದೂ ಹೋಯಿತು. ಅವನಿಗೆ ಈಗ ಇಪ್ಪತ್ತೇಳು. ಅತ್ತೆಯವರು ಅವನಿಗಾಗಿ ದಪ್ಪ ಅಕ್ಷರದಲ್ಲಿ ಬರೆದಿಟ್ಟ ಹಾಡಿನ ನೋಟ್‌ಬುಕ್ಕು ನಮ್ಮ ಕಪಾಟಿನಲ್ಲಿದೆ. ನಾನೂ ಧೂಳು ಒರೆಸುತ್ತೇನೆ. ಆ ಹುಡುಗಿಯ ಮುತ್ತಜ್ಜನ ಲಿಪಿಯನ್ನು ಸರ್ಕಾರಗಳು ಬದಲಾಯಿಸಿದವು. ನಮ್ಮ ಮನೆಯಲ್ಲಿ ಆ ಕೆಲಸವನ್ನು ನಾನೇ ಮಾಡಿದೆ.

ಬೆಲ್ಟು ಬಂತು, ಬಸ್ಸು ಹೊರಟಿತು. ದೂರದಲ್ಲಿ ಅಮು ದರ್ಯಾ ನದಿ ಮಿಂಚಿತು. 1960ರ ದಶಕದಿಂದ ಹತ್ತಿಯ ಹೊಲಗಳಿಗೆ ಇದರ ನೀರನ್ನು ತಿರುಗಿಸಿದ್ದರಿಂದಲೇ ಅರಲ್ ಸಮುದ್ರ ಬತ್ತಿ, ಮೀನುಗಾರರ ಹಡಗುಗಳು ಮರಳಿನ ಮೇಲೆ ನಿಂತವು. ಒಂದು ದೊಡ್ಡ ಸಮುದ್ರ ಒಂದೇ ದಿನದಲ್ಲಿ ಬತ್ತಲಿಲ್ಲ, ಕಾಲುವೆ ಕಾಲುವೆಯಾಗಿ ಹೋಯಿತು. ಕಿಟಕಿಗೆ ತಲೆಯಾನಿಸಿ ಅದನ್ನೇ ಯೋಚಿಸುತ್ತ ಕುಳಿತೆ.

ಖೀವಾದಿಂದ ಒಂದು ಫೋನು

ಖೀವಾ ಮಣ್ಣಿನ ಗೋಡೆಯೊಳಗಿನ ಪುಟ್ಟ ಊರು. ಅದರ ಒಳಕೋಟೆ 1990ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಕೋಟೆಯ ಹೊರಗೆ ಅಲ್ ಖ್ವಾರಿಜ್ಮಿಯ ಪ್ರತಿಮೆ ಇದೆ. ನಮ್ಮ ದೇಶದ ಅಂಕೆಗಳ ಲೆಕ್ಕವನ್ನು ಒಂಬತ್ತನೆಯ ಶತಮಾನದಲ್ಲಿ ಅರಬ್ಬೀ ಭಾಷೆಯಲ್ಲಿ ಬರೆದವನು ಅವನೇ. ಕಂಪ್ಯೂಟರಿನವರು ಹೇಳುವ 'ಅಲ್ಗಾರಿದಮ್' ಅವನ ಹೆಸರಿನಿಂದಲೇ ಬಂದದ್ದು. ಪುಣೆಯ ಹುಡುಗರು ಅವನ ಪಾದದ ಬಳಿ ಕುಳಿತು ಫೋಟೋ ತೆಗೆಸಿಕೊಂಡರು.

ಅಂದು ರಾತ್ರಿ ಮಗನಿಗೆ ಫೋನು ಮಾಡಿ, "ಊಟ ಆತೇನಪ್ಪಾ?" ಎಂದೆ. ಆಚೆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ, "ಅಮ್ಮಾ, ಹುಷಾರಾಗಿದ್ದೀಯಾ? ಏನಾದರೂ ಆಯಿತಾ?" ಎಂದ. ತಾಯಿ ತನ್ನೊಡನೆ ಕನ್ನಡದಲ್ಲಿ ಮಾತಾಡಿದರೆ ಏನೋ ಅನಾಹುತವಾಗಿರಬೇಕು ಎಂದುಕೊಂಡಿದ್ದ ಪಾಪ! ನಾನು ಪಟ್ಟುಬಿಡದೆ ಮತ್ತೆ ಅದನ್ನೇ ಕೇಳಿದೆ. "ಆ... ಆತು. ನಿಂದು?" ಎಂದ. ಮೂರು ಶಬ್ದ. ಖೀವಾದ ಯಾವ ಮಿನಾರೂ ನನಗೆ ಅಷ್ಟು ಎತ್ತರವಾಗಿ ಕಾಣಲಿಲ್ಲ.

ಮಕ್ಕಳೇ, ನಿಮಗೂ ಕಾಲು ಗಟ್ಟಿಯಿರುವಾಗಲೇ ಇಂಥ ದಾರಿಗಳು ಸಿಗಲಿ. ಹೋಗುವಾಗ ನಿಮ್ಮವರೇ ಇರುವ ತಂಡವನ್ನು ಹುಡುಕಬೇಡಿ, ಬೇರೆ ಬೇರೆಯವರಿರುವ ತಂಡಕ್ಕೆ ಸೇರಿ. ಆದಷ್ಟು ನೆಲದ ಮೇಲೆ ಹೋಗಿ. ವಿಮಾನದಲ್ಲಿ ಪಕ್ಕದವರ ಹೆಸರೂ ಗೊತ್ತಾಗುವುದಿಲ್ಲ, ಕೆಟ್ಟುನಿಂತ ಬಸ್ಸಿನಲ್ಲಿ ಅವರ ಮನಸ್ಸೇ ಗೊತ್ತಾಗುತ್ತದೆ. ಸೀಟಿನ ಸರದಿಯನ್ನು ಮೊದಲ ದಿನವೇ ಗೊತ್ತುಮಾಡಿಕೊಳ್ಳಿ. ಸಕ್ಕರೆ, ಉಪ್ಪು ಚೀಲದಲ್ಲಿರಲಿ. ಯಾರ ಊಟ, ಯಾರ ಮಡಿಯ ಬಗ್ಗೆಯೂ ಹಗುರವಾಗಿ ಆಡಬೇಡಿ, ಬಸ್ಸಿನಲ್ಲಿ ಎಲ್ಲವೂ ಎಲ್ಲರಿಗೂ ಕೇಳಿಸುತ್ತದೆ. ಮತ್ತೆ, ನಿಮ್ಮ ಮನೆಯದೇನಾದರೂ ಕಟ್ಟಿಕೊಂಡು ಹೋಗಿ. ರೊಟ್ಟಿಯಾಗಲಿ, ಹಾಡಾಗಲಿ, ನಾಲ್ಕು ಮಾತಾಗಲಿ. ಎಲ್ಲರೂ ಸುತ್ತ ಕುಳಿತು ತಮ್ಮ ತಮ್ಮ ಗಂಟು ಬಿಚ್ಚುವಾಗ ನಿಮ್ಮ ಕೈ ಬರಿದಾಗಿರಬಾರದು.

ನನ್ನ ಮಗ ಈಗ ವಾರಕ್ಕೆರಡು ಸಲ ಫೋನಿನಲ್ಲಿ ಐದಾರು ವಾಕ್ಯ ಕನ್ನಡ ಆಡುತ್ತಾನೆ, ಏಳನೆಯದಕ್ಕೆ ಹಿಂದಿಗೆ ಜಾರುತ್ತಾನೆ. ಓದಲು ಇನ್ನೂ ಬಾರದು. ಈ ಸಂಚಿಕೆ ಕೈಗೆ ಬಂದ ಮೇಲೆ ಅವನನ್ನು ಮನೆಗೆ ಕರೆದು ನಾನೇ ಓದಿ ಹೇಳಬೇಕೆಂದಿದ್ದೇನೆ. ಆ ಹುಡುಗಿಗೆ ಹೇಳಿದ ಸುಳ್ಳಿನ ಸಾಲು ಬಂದಾಗ ಧ್ವನಿ ಸ್ವಲ್ಪ ನಡುಗಬಹುದು. ಆದರೂ ಓದುತ್ತೇನೆ.